ಹಿಂದೆ ಹಿಂದಕ್ಕೆ ನಡೆಯುವ ಹುಲಿ

ಆಗೋ ಮಾತಲ್ಲ ಎಂದಾಕೆ ನಮ್ಮ ದುರುಗಮ್ಮತ್ತಿ. ಅಪ್ಪನ ಅಕ್ಕ. ತುರ್ವಿಹಾಳದಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ಹಾಗಾಗಿ ಆಕೆ ಆಡಿದ ಮಾತು ನಮ್ಮ ಮನೆಯೊಳಗೇ ಆಡಿದ ಹಾಗೆ. ನಾನು ಪಿಯುಸಿ ಇಂಗ್ಲಿಷಿನಲ್ಲಿ ಎರಡನೇ ಸಲ ನಪಾಸಾದ ವರ್ಷ, ಮೊಹರಂ ಮುಗಿದ ಮರುದಿನ, ಅಪ್ಪ ಅಂಗಳದಲ್ಲಿ ಕುಂತು ಎಣ್ಣೆ ಹಚ್ಚಿ ಕಿವಿಯ ಹಿಂದಿನ ಹಳದಿ ಬಣ್ಣ ತಿಕ್ಕುತ್ತಿದ್ದ. ಅತ್ತಿ ಕಸಬರಿಗೆ ಹಿಡಿದುಕೊಂಡೇ ನಿಂತು ಹೇಳಿದಳು: “ಹುಸೇನಾ, ಹಿಂದ್ಹಿಂದ ನಡಿಯೋ ಹುಲಿ ಯಾವ ಅಡವ್ಯಾಗೂ ಇಲ್ಲ. ನಮ್ಮ ಮನ್ಯಾಗ ಡಿಗ್ರಿ ಮುಗಿಸೋ ಹೆಣ್ಮಗಳೂ ಇಲ್ಲ. ಎರಡೂ ಆಗೋ ಮಾತಲ್ಲ ತಮ್ಮಾ. ಸುಮ್ನ ಮೈ ತೊಳಕೋ.”

ಈ ಮಾತು ಮತ್ತೆ ನೆನಪಾದದ್ದು ಈ ಸಲದ ಏಪ್ರಿಲ್‌ನಲ್ಲಿ. ಬಂಡೀಪುರಕ್ಕೆ ಹೋಗಲು ಒಂದು ಗಟ್ಟಿ ಚೀಲ ಬೇಕೆಂದು ನಾನು ಹಳೇ ಗಂಟುಗಳನ್ನು ಕೆಳಗಿಳಿಸುತ್ತಿದ್ದೆ. ಚೀಲ ಸಿಗಲಿಲ್ಲ, ಬಾಲ ಸಿಕ್ಕಿತು. ಹಳದಿ ಬಟ್ಟೆಯೊಳಗೆ ಗೋಣಿನಾರು ತುರುಕಿ ಹೊಲಿದ, ತುದಿಗೆ ಕರಿ ಗೊಂಡೆ ಕಟ್ಟಿದ, ಇಲಿ ಒಂದು ಕಡೆ ಕಡಿದ ಬಾಲ. ಅದನ್ನು ಕೈಯಲ್ಲಿ ಹಿಡಿದು ನಿಂತವಳು ಚೀಲ ಹುಡುಕುವುದನ್ನೇ ಮರೆತೆ. ಬಾಲದ ಕಥೆ ಹೇಳದೆ ಬಂಡೀಪುರದ ಕಥೆ ಹೇಳಲು ಬರುವುದಿಲ್ಲ, ಆದ್ದರಿಂದ ನೀವೂ ಸ್ವಲ್ಪ ತಡೆದುಕೊಳ್ಳಬೇಕು.

ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ದೇವರಿಗೆ ಹರಕೆ ಹೊತ್ತವರು ಹುಲಿ ಆಗುತ್ತಾರೆ. ಹಿಂದೂ ಮುಸ್ಲಿಂ ಎಂಬ ಭೇದ ಅದಕ್ಕಿಲ್ಲ. ಅಪ್ಪನ ಹೆಸರೇ ಹುಸೇನಪ್ಪ, ಆತ ಹುಟ್ಟಿದ್ದೂ ಅದೇ ದೇವರ ಹರಕೆಯಿಂದ. ಮೈಗೆಲ್ಲ ಹಳದಿ ಬಣ್ಣ, ಅದರ ಮೇಲೆ ಕರಿ ಪಟ್ಟಿ, ಹಿಂದೆ ಬಾಲ. ಹಲಗಿಯ ಬಡಿತಕ್ಕೆ ಊರೆಲ್ಲ ಕುಣಿದು, ದೇವರ ಮುಂದಿನ ಬೆಂಕಿ ಕುಣಿಗೆ ಸಲಾಮು ಮಾಡಿದರೆ ಆ ವರ್ಷದ ಹರಕೆ ಮುಗಿಯಿತು. ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದಾಗ ಅಪ್ಪ ಹರಕೆ ಹೊತ್ತ. ಹುಡುಗಿ ಡಿಗ್ರಿ ಮುಗಿಸುವ ತನಕ ವರ್ಷಾ ಹುಲಿ ಆಗತೀನಿ ಎಂದ. ಪಾಪ, ಆತನಿಗೆ ತನ್ನ ಮಗಳ ಬುದ್ಧಿಯ ಅಳತೆ ಸರಿಯಾಗಿ ಗೊತ್ತಿರಲಿಲ್ಲ. ಐದೋ ಆರೋ ವರ್ಷದಲ್ಲಿ ಮುಗಿದೀತು ಅಂದುಕೊಂಡಿದ್ದ. ನಾನು ಒಂದೊಂದು ವಿಷಯದಲ್ಲಿ ಉಳಿದಂತೆಲ್ಲ ಆತ ಮತ್ತೊಂದು ವರ್ಷ ಹುಲಿಯಾದ. ನಡುವೆ ಒಂದು ವರ್ಷ ಭತ್ತದ ನಾಟಿಗೆ ಹೋಗಿ ಕಾಲೇಜು ಬಿಟ್ಟಿದ್ದೆ, ಆಗಲೂ ಆತ ಹುಲಿಯಾದ. ಎಲ್ಲ ಸೇರಿ ಒಂಬತ್ತು ವರ್ಷ. ಬೇರೆಯವರ ಮನೆಯಲ್ಲಿ ಮಕ್ಕಳು ನಪಾಸಾದರೆ ಮಕ್ಕಳಿಗೆ ಶಿಕ್ಷೆ. ನಮ್ಮ ಮನೆಯಲ್ಲಿ ಅಪ್ಪನ ಚರ್ಮಕ್ಕೆ.

ಬಣ್ಣ ಹಚ್ಚುತ್ತಿದ್ದುದು ಮಸ್ಕಿಯ ಖಾಜಾ ಮಾಮ. ವರ್ಷವೆಲ್ಲ ಅಂಗಡಿಯ ಬೋರ್ಡು, ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಹೂವು ಬರೆಯುವ ಮನುಷ್ಯ. ಬೋರ್ಡಿಗೆ ಹಚ್ಚುವ ಅದೇ ಬಣ್ಣವನ್ನೇ ಅಪ್ಪನಿಗೂ ಹಚ್ಚುತ್ತಿದ್ದ. ಮಾಮ ಹುಲಿ ನೋಡಿದ್ದು ಒಂದು ಹಳೇ ಕ್ಯಾಲೆಂಡರಿನಲ್ಲಿ ಮಾತ್ರ, ಅದೂ ಅರ್ಧ ಹರಿದದ್ದು. ಹಾಗಾಗಿ ಹುಲಿಯ ಮುಂದಿನ ಅರ್ಧ ಆತನಿಗೆ ಪಕ್ಕಾ ಗೊತ್ತು. ಹಿಂದಿನ ಅರ್ಧ ಮನಸ್ಸಿಗೆ ಬಂದ ಹಾಗೆ.

ಅಪ್ಪನ ಹುಲಿಗೆ ಒಂದು ವಿಶೇಷವಿತ್ತು. ಸಲಾಮು ಮಾಡಿದ ಮೇಲೆ ಉಳಿದ ಹುಲಿಗಳು ತಿರುಗಿ ಮನೆ ದಾರಿ ಹಿಡಿಯುತ್ತಿದ್ದವು. ಅಪ್ಪ ಮಾತ್ರ ದೇವರಿಗೆ ಬೆನ್ನು ತೋರಿಸುತ್ತಿರಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಸರಿಯುತ್ತಿದ್ದ. ಮೈ ತೊಳೆಯಲು ಕಾಲುವೆಗೆ ಹೋದಾಗಲೂ ಅಷ್ಟೇ. ದಂಡೆಯಲ್ಲಿ ನಿಂತು, ಊರ ಕಡೆ ಮುಖ ಮಾಡಿ, ಹಿಂಗಾಲು ಮೊದಲು ನೀರಿಗಿಟ್ಟು, ಹಿಂದೆ ಹಿಂದಕ್ಕೆ ಇಳಿದು ಕುತ್ತಿಗೆ ಮಟ್ಟ ಕೂಡುತ್ತಿದ್ದ. ಊರ ಹುಡುಗರಿಗೆ ಅದೊಂದು ತಮಾಷೆ. ಅತ್ತಿಗೆ ಅದೊಂದು ಅಪಮಾನ. ನನ್ನ ಗೆಳತಿಯರು “ನಿಮ್ಮಪ್ಪಂದು ರಿವರ್ಸ್ ಹುಲಿ ಬೇ” ಎಂದು ನಗುವಾಗ ನಾನೂ ಅವರ ಜೊತೆ ನಕ್ಕಿದ್ದೇನೆ. ಅದನ್ನು ಇಲ್ಲಿ ಬರೆದು ಇಡುವುದೇ ಒಳ್ಳೆಯದು. ಹಾಗೆ ನೋಡಿದರೆ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲವೂ ಹಿಂದಕ್ಕೇ ನಡೆಯುತ್ತಿತ್ತು. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಿತ್ತು, ಅಪ್ಪ ಹಿಂದೆ ಸರಿಯುತ್ತಿದ್ದ, ನನ್ನ ಓದು ಎಲ್ಲಕ್ಕಿಂತ ಹಿಂದೆ.

ಕೊನೆಗೆ ಡಿಗ್ರಿ ಆಯಿತು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ. ಸರ್ಟಿಫಿಕೇಟು ಬಂದ ದಿನ ಅಪ್ಪ ಅದನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿಟ್ಟು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ನನಗೆ ಲಿಂಗಸೂಗೂರಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಎತ್ತಿಡುವ ತಾತ್ಕಾಲಿಕ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದೆ. ಝೆರಾಕ್ಸಿನಲ್ಲೇ ಎಲ್ಲ ನಡೆದದ್ದರಿಂದ ಟ್ರಂಕಿನ ತಂಟೆಗೆ ಹೋಗಲಿಲ್ಲ.

ಕೆಡಿಸಿದ್ದು ನಾನೇ. ಹೊಸ ಮೊಬೈಲಿನ ಹುರುಪಿನಲ್ಲಿ ಒಂದು ಭಾನುವಾರ ಅಪ್ಪನಿಗೆ ನಿಜ ಹುಲಿಯ ವಿಡಿಯೋ ತೋರಿಸಿದೆ. ಹುಲಿ ಕಾಡಿನ ದಾರಿಯಲ್ಲಿ ತಲೆ ತಗ್ಗಿಸಿ ನಡೆದು ಬರುತ್ತಿತ್ತು. ಕುಣಿತವಿಲ್ಲ, ಗರ್ಜನೆಯಿಲ್ಲ. ಅಪ್ಪ ಮೂರು ಸಲ ನೋಡಿದ. ಆಮೇಲೆ ಮೊಬೈಲು ಕೈಗೆ ಕೊಟ್ಟು, “ಇದು ಮುಂದ ಮುಂದ ನಡಿತೈತಲ್ಲವ್ವಾ. ಹಂಗಾದ್ರ ನಾ ಒಂಬತ್ತು ವರ್ಷ ಆಗಿದ್ದೇನು?” ಎಂದ. ನಾನು ನಕ್ಕೆ. ಆತ ನಗಲಿಲ್ಲ.

ಈ ವರ್ಷ ಮಾರ್ಚಿನಲ್ಲಿ ಒಂದು ಕಾಯಂ ನೌಕರಿಯ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಜೂನಿನಲ್ಲಿ ಮೂಲ ದಾಖಲೆ ತೋರಿಸಬೇಕು, ತೋರಿಸದಿದ್ದರೆ ಹೆಸರು ಹೋಯಿತು. ಊರಿಗೆ ಬಂದು ಸರ್ಟಿಫಿಕೇಟು ಕೇಳಿದೆ. ಅಪ್ಪ ಉಡದಾರ ಮುಟ್ಟಿ ನೋಡಿಕೊಂಡ. ಹರಕೆ ಹೊತ್ತು ಹುಟ್ಟಿದ ಕರುವನ್ನು ಹರಕೆ ತೀರಿ ದೇವರಿಗೆ ಮುಟ್ಟುವ ತನಕ ಮನೆಯಿಂದ ಹೊರಗೆ ಹೊಡೆಯಬಾರದು ಎಂಬುದು ನಮ್ಮ ಮನೆತನದ ಪದ್ಧತಿ. ಆತ ಅದೇ ಪದ್ಧತಿಯನ್ನು ನನ್ನ ಬಿ.ಎ.ಗೂ ಹಚ್ಚಿದ್ದ. “ಕೊಡಬಾರದಂತಲ್ಲ ರೇಣವ್ವಾ. ನಾ ಹುಲಿ ಆಗಿದ್ದೇ ಸುಳ್ಳಾಗಿದ್ರ ಹರಕಿ ಮುಟ್ಟಿಲ್ಲ. ಮುಟ್ಟಲಾರದ ಹರಕಿ ಫಲ ಹೊಸ್ತಿಲ ದಾಟಿಸಿದ್ರ ನಿನಗ ಕೇಡು” ಎಂದ.

ಕೀಲಿ ಕಿತ್ತುಕೊಳ್ಳಬಹುದಿತ್ತು. ಡಿಗ್ರಿ ಓದಿದವಳು, ಮೂಢನಂಬಿಕೆ ಎಂದು ಒಂದು ಭಾಷಣವನ್ನೂ ಮಾಡಬಹುದಿತ್ತು. ಆದರೆ ನನಗೋಸ್ಕರ ಒಂಬತ್ತು ಸಲ ಬೋರ್ಡಿನ ಬಣ್ಣ ಬಳಿದುಕೊಂಡ ಮನುಷ್ಯನ ಮುಂದೆ ಯಾವ ಬಾಯಿಂದ ಮಾಡಲಿ, ನೀವೇ ಹೇಳಿ.

ಮಸ್ಕಿಯಲ್ಲಿ ಬಸ್ಸು ಬದಲಿಸುವಾಗ ಖಾಜಾ ಮಾಮನ ಹತ್ತಿರ ಇದನ್ನು ಹೇಳಿಕೊಂಡೆ. ಮಾಮ ಕುಂಚ ಒರೆಸುತ್ತ, “ಮೊಬೈಲಿನ ಹುಲಿ ಏನ್ ನಂಬತೀ ಬೇಟಿ. ಕರಕೊಂಡ್ಹೋಗಿ ಖರೇ ಹುಲಿ ತೋರ್ಸು. ಮತ್ತ ಹಿಂದಿನ ಪಟ್ಟಿ ಎಷ್ಟಾವಂತ ನೋಡಿ ಬರಾಕ ಹೇಳು” ಎಂದ. ಬಂಡೀಪುರದ ವಿಚಾರ ಹುಟ್ಟಿದ್ದು ಹೀಗೆ.

ಈಗ ನನ್ನ ಒಳಗಿನ ಲೆಕ್ಕ ಹೇಳಿಬಿಡುತ್ತೇನೆ. ಹುಲಿ ಮುಂದಕ್ಕೇ ನಡೆಯುತ್ತದೆ ಎಂದು ತಿಳಿಯಲು ಬಿ.ಎ. ಬೇಕಿಲ್ಲ. ಅಪ್ಪನಿಗೆ ನಿಜ ಹುಲಿ ಕಂಡಿತೆಂದರೆ ಟ್ರಂಕಿಗೆ ಇನ್ನೊಂದು ಬೀಗ ಬಿದ್ದ ಹಾಗೆ. ಆದರೆ ಬಂಡೀಪುರಕ್ಕೆ ಹೋದವರೆಲ್ಲ ಬರುವುದು ಜಿಂಕೆ ನೋಡಿಕೊಂಡು ಎಂದು ನಮ್ಮ ಕಾಲೇಜಿನ ಮಾಸ್ತರರು ಹೇಳಿದ್ದರು. ಅದನ್ನೇ ನಂಬಿದ್ದೆ. ಹುಲಿ ಕಾಣದಿದ್ದರೆ, ದೇವರೇ ಇದನ್ನು ಕೆದಕಬೇಡ ಅಂತಾನೆ ನೋಡಪ್ಪಾ, ಎಂದು ಸಮಾಧಾನ ಹೇಳುವುದು. ಹುಲಿ ಕಾಣಬಾರದು ಎಂದು ಬೇಡಿಕೊಂಡು ಬಂಡೀಪುರಕ್ಕೆ ಹೊರಟವಳು ಪ್ರಾಯಶಃ ನಾನೊಬ್ಬಳೇ.

ಅಂಥವಳಿಗೆ ಬೇಸಿಗೆ ಒಳ್ಳೆಯ ಕಾಲವೇ ಅಲ್ಲ. ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಇರುವ ನೀರಿಗೆ ಪ್ರಾಣಿಗಳೆಲ್ಲ ಬರುತ್ತವಂತೆ. ಆದರೆ ನನಗೆ ರಜೆ ಇರುವುದು ಮೇ ತಿಂಗಳಲ್ಲಿ, ದಾಖಲೆ ಕೇಳುವುದು ಜೂನಿನಲ್ಲಿ. ಅಪ್ಪನಿಗೂ ಅದೇ ಬಿಡುವು. ಬೇಸಿಗೆ ಭತ್ತ ಕೊಯ್ದಾಗಿತ್ತು, ಕಾಲುವೆಯ ನೀರು ನಿಂತಿತ್ತು. ವಿಷಯ ತಿಳಿದು ಓಣಿಯಲ್ಲಿ ಎಲ್ಲರೂ ಕೇಳಿದ ಮಾತು ಒಂದೇ. ಪ್ರವಾಸ ಅಂದರೆ ಯಾವುದಾದರೂ ದೇವರಿಗೆ ಹೋಗುವುದು, ಅಡವಿಗೆ ಯಾಕೆ? ಅತ್ತಿ ಗೋಡೆಯಾಚೆಯಿಂದಲೇ, ಇಲ್ಲಿ ಬಿಸಿಲು ಸಾಲದೆ ಅಲ್ಲಿ ಕಾಯಿಸಿಕೊಳ್ಳಲು ಹೊರಟಿದ್ದಾರೆ ಎಂದಳು. ಡಿಗ್ರಿ ವಿಷಯದಲ್ಲಿ ತನ್ನ ಮಾತು ಸುಳ್ಳಾದದ್ದು ಆಕೆಯನ್ನು ಒಳಗೇ ಕೊರೆಯುತ್ತಿತ್ತು. ಹುಲಿಯ ವಿಷಯ ಸುಳ್ಳಾಗಲು ಬಿಡುವ ಹಾಗಿರಲಿಲ್ಲ. ಆದರೂ ನಾವು ಹೋದಾಗ ಎರಡು ಎಮ್ಮೆ ನೋಡಿಕೊಳ್ಳುವುದು ಯಾರು ಎಂಬ ಮಾತು ಬಂದಾಗ, “ನಾ ಸತ್ತೀನೇನು?” ಎಂದು ಸಿಟ್ಟಿಗೆದ್ದವಳೂ ಆಕೆಯೇ.

ಅವ್ವನನ್ನೂ ಕರೆದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಒಂಬತ್ತು ವರ್ಷ ಒಂದ್ ಹುಲಿ ಕೂಡ ಬಾಳೇ ಮಾಡೀನಿ. ಇನ್ನೊಂದು ನೋಡೂದೇನೈತಿ” ಎಂದಳು. ಮೂರು ದಿನದ ಪ್ರವಾಸಕ್ಕೆ ಹದಿನೈದು ದಿನಕ್ಕಾಗುವಷ್ಟು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಕಟ್ಟಿದಳು. ಆ ಸೀಮೆಯಲ್ಲಿ ಬರೀ ಅನ್ನ, ಅಪ್ಪ ಸೊರಗಿ ಬರುತ್ತಾನೆ ಎಂಬುದು ಆಕೆಯ ಭಯ. ಹುಲಿಯದಲ್ಲ.

ಸಫಾರಿಯ ಸೀಟು ಕಾದಿರಿಸಿದ್ದು ಮೊಬೈಲಿನಲ್ಲಿ, ನಾನೇ. ಓಣಿಯ ಎಲ್ಲರ ಪಿಂಚಣಿ ಅರ್ಜಿ ತುಂಬಿದ ಕೈ ಇದು. ಆದರೂ ‘ವೃತ್ತಿ’ ಎಂಬ ಸಾಲಿಗೆ ಬಂದಾಗ ಅಪ್ಪ ಬಗ್ಗಿ ನೋಡಿ, ಹುಲಿ ಅಂತ ಹಾಕಬ್ಯಾಡ ಮತ್ತ, ಒಳಗ ಇಟಗೊಂಡಾರು ಎಂದ. ಆ ವಿಡಿಯೋ ನೋಡಿದ ಮೇಲೆ ಆತ ಆಡಿದ ಮೊದಲ ತಮಾಷೆ ಅದು. ಅವತ್ತು ನನಗೆ ಅರ್ಧ ಪ್ರವಾಸ ಮುಗಿದಷ್ಟು ಹಗುರಾಯಿತು.

ಬಟ್ಟೆಯದೊಂದು ಪಂಚಾಯಿತಿ. ಕಾಡಿಗೆ ಎದ್ದು ಕಾಣುವ ಬಣ್ಣ ಹಾಕಬಾರದು, ಮಣ್ಣಿನ ಬಣ್ಣವೋ ಮಾಸಲು ಹಸಿರೋ ಇರಲಿ ಎಂದು ಸೂಚನೆಯಲ್ಲಿತ್ತು. ಅಪ್ಪನಿಗೆ ಇರುವುದು ಬಿಳಿ ಅಂಗಿ, ಬಿಳಿ ಧೋತ್ರ, ತಲೆಗೆ ಹಳದಿ ರುಮಾಲು. ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ಮಣ್ಣಿನ ಬಣ್ಣದ ಅಂಗಿ ಕೇಳಿದಾಗ ಅಂಗಡಿಯವರು ಒಳ್ಳೊಳ್ಳೆ ಬಣ್ಣ ತೆಗೆದು ಹಾಕಿ, ವಯಸ್ಸಾದ್ರೇನಾತ್ರೀ, ಇದು ಒಪ್ಪತದ ಎಂದು ಹಟ ಹಿಡಿದರು. ಅಪ್ಪ ಕೊನೆಗೆ ಮಣ್ಣಿನ ಬಣ್ಣದ್ದನ್ನೇ ಮೈಗಿಟ್ಟುಕೊಂಡು ಕನ್ನಡಿ ನೋಡಿ, “ಹುಲಿ ಆಗಾಕ ಹಳದಿ ಬೇಕಿತ್ತು. ಹುಲಿ ನೋಡಾಕ ಮಣ್ಣಾಗಬೇಕು” ಎಂದ. ಅಂಗಡಿಯವರಿಗೆ ಏನೂ ತಿಳಿಯಲಿಲ್ಲ. ರುಮಾಲನ್ನು ಮಾತ್ರ ಮಡಚಿ ಚೀಲದ ತಳದಲ್ಲಿಟ್ಟ. ಅದಿಲ್ಲದೆ ಊರು ಬಿಟ್ಟು ಗೊತ್ತಿಲ್ಲ.

ಇಷ್ಟೆಲ್ಲ ಆಗಿ ನಾವು ಮೈಸೂರು ಬಸ್ಸು ಹಿಡಿದು, ಅಲ್ಲಿಂದ ಗುಂಡ್ಲುಪೇಟೆ ದಾಟಿ ಬಂಡೀಪುರ ಮುಟ್ಟಿದೆವು. ಎರಡು ಸಫಾರಿಗೆ ಹೆಸರು ಹಚ್ಚಿದ್ದೆ. ಸಂಜೆಯ ಸಫಾರಿಯಲ್ಲಿ ಜಿಂಕೆಗಳ ಹಿಂಡು, ನವಿಲು, ಮರಿಯ ಜೊತೆ ಒಂದು ಆನೆ. ಹುಲಿ ಇಲ್ಲ. ಬಸ್ಸಿನಲ್ಲಿದ್ದ ಉಳಿದವರೆಲ್ಲ ಮುಖ ಸಣ್ಣ ಮಾಡಿಕೊಂಡು ಇಳಿದರು. ನಾನು ಹಬ್ಬದ ಊಟ ಮಾಡಿ ಎದ್ದವಳ ಹಾಗೆ ಇಳಿದೆ. ಅಪ್ಪ ರೊಟ್ಟಿ ಮುರಿದು ತಿನ್ನುವಾಗ, ನಾಳೆ ಒಂದೈತಲ್ಲ ಎಂದ ಅಷ್ಟೇ.

ಬೆಳಗಿನ ಸಫಾರಿ. ಬಿಸಿಲು ಏರುತ್ತಿತ್ತು. ಬಸ್ಸು ಒಂದು ಕೆರೆಯ ಹತ್ತಿರ ನಿಂತಿತು. ಕೆರೆ ಅಂದರೆ ಅರ್ಧ ಕೆಸರು, ಅರ್ಧ ನೀರು. ಡ್ರೈವರು ಇಂಜಿನ್ ಆರಿಸಿ, ಯಾರೂ ಮಾತಾಡ್ಬೇಡಿ ಎಂದರು. ಆಚೆ ದಂಡೆಯ ಪೊದೆ ಅಲುಗಿತು. ಹುಲಿ ಹೊರಗೆ ಬಂತು.

ಮುಂದಕ್ಕೇ ನಡೆದು ಬಂತು. ತಲೆ ತಗ್ಗಿಸಿ, ನಿಧಾನ, ಥೇಟ್ ಆ ವಿಡಿಯೋದ ಹಾಗೆ. ಎಲ್ಲರೂ ಉಸಿರು ಬಿಗಿಹಿಡಿದು ಹುಲಿ ನೋಡುತ್ತಿದ್ದರೆ ನಾನು ಅಪ್ಪನನ್ನು ನೋಡುತ್ತಿದ್ದೆ. ಆತನ ಕೈ ಅಂಗಿಯ ಮೇಲಿಂದಲೇ ಉಡದಾರದ ಕೀಲಿಯ ಮೇಲಿತ್ತು. ನೌಕರಿ ಹೋಯಿತು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನನ್ನು ಇಷ್ಟು ದೂರ ಕರೆತಂದು, ನಿನ್ನ ಒಂಬತ್ತು ವರ್ಷ ಸುಳ್ಳು ಎಂದು ಕಣ್ಣಾರೆ ತೋರಿಸಿದೆನಲ್ಲ.

ಹುಲಿ ನೀರಿನ ಅಂಚಿಗೆ ಬಂದು ನಿಂತಿತು. ಕುಡಿಯಲಿಲ್ಲ. ಒಮ್ಮೆ ನೀರು ನೋಡಿತು, ಒಮ್ಮೆ ಕಾಡು ನೋಡಿತು. ಆಮೇಲೆ ಪೂರ್ತಿ ತಿರುಗಿತು. ಕಾಡಿನ ಕಡೆ ಮುಖ ಮಾಡಿ, ಹಿಂಗಾಲನ್ನು ಮೊದಲು ನೀರಿಗಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಹಿಂದಕ್ಕೆ ಸರಿದು, ಕುತ್ತಿಗೆ ಮಟ್ಟ ನೀರಿನಲ್ಲಿ ಕೂತಿತು.

ನಮ್ಮ ತುರ್ವಿಹಾಳದ ಕಾಲುವೆಯಲ್ಲಿ ಒಂಬತ್ತು ಸಲ ನೋಡಿದ್ದು. ದಂಡೆಯಲ್ಲಿ ನಿಂತು ನಕ್ಕದ್ದು.

ಬೇಸಿಗೆಯಲ್ಲಿ ಹುಲಿ ಹೀಗೇ ನೀರಿಗಿಳಿಯುವುದು, ಕಣ್ಣಿಗೆ ನೀರು ಸಿಡಿಯುವುದು ಅದಕ್ಕಾಗದು, ಕಾಡಿನ ಮೇಲೆ ಕಣ್ಣೂ ಇರಬೇಕು ಎಂದು ಡ್ರೈವರು ಪಿಸುಗುಟ್ಟಿ ವಿವರಿಸಿದರು. ಅಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಬಲಗೈ ಎತ್ತಿ ಹಣೆಗೆ ಮುಟ್ಟಿಸಿ, ಅಲಾಯಿ ಕುಣಿಯ ಮುಂದೆ ಮಾಡುವ ಹಾಗೆ ಸಲಾಮು ಮಾಡಿದ. ನನ್ನ ಕಿವಿಯ ಹತ್ತಿರ ಬಂದು, “ಬೆನ್ನು ತೋರಿಸಲಿಲ್ಲ ನೋಡವ್ವಾ” ಎಂದ. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರನ್ನು ನಾನು ಎಷ್ಟು ಜೋರಾಗಿ ಬಿಟ್ಟೆನೆಂದರೆ ಮುಂದಿನ ಸೀಟಿನ ಹೆಂಗಸು ತಿರುಗಿ ಸಿಟ್ಟಿನಿಂದ ನೋಡಿದಳು. ಬಸ್ಸಿನಲ್ಲಿದ್ದ ಎಲ್ಲರ ಮೊಬೈಲೂ ಹೊರಗಿತ್ತು. ನನ್ನದು ಚೀಲದಲ್ಲಿ, ರುಮಾಲಿನ ಮೇಲೆ, ತಣ್ಣಗೆ ಮಲಗಿತ್ತು. ಒಂದು ಫೋಟೋ ಇಲ್ಲ.

ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದು ಖಾಜಾ ಮಾಮನ ಅಂಗಡಿಗೆ ಹೋದೆವು. ಅಪ್ಪ ತಲೆಗೆ ಹಳದಿ ರುಮಾಲು ಸುತ್ತಿ ಆಗಿತ್ತು. ಮಾಮ ಚಹಾ ತರಿಸಿ, ಅಣ್ಣಾ, ಪಟ್ಟಿ ಹ್ಯಾಂಗದಾವು ಎಂದು ಕೇಳಿದ. ಅಪ್ಪ ನಿಧಾನವಾಗಿ ಬಸಿಯಿಂದ ಚಹಾ ಕುಡಿದು ಮುಗಿಸಿ, “ಪಟ್ಟಿ ನಿಂದು ತಪ್ಪೈತಿ ಖಾಜಾ. ನಡಿಗಿ ನಂದು ಬರೋಬರಿ ಐತಿ” ಎಂದ. ಮಾಮ ಕುಂಚಗಳ ಕಡೆ ನೋಡಿ, ಹೋಗ್ಲಿ ಬಿಡು, ಇಬ್ಬರಾಗ ಒಬ್ಬರದರ ಬರೋಬರಿ ಆತಲ್ಲ ಎಂದ.

ಮನೆ ಮುಟ್ಟಿದಾಗ ಅತ್ತಿ ನಮ್ಮ ಅಂಗಳದಲ್ಲಿ ಎಮ್ಮೆಗೆ ನೀರು ಇಡುತ್ತಿದ್ದಳು. ಎಮ್ಮೆ ಎರಡು ದಿನ ಸರಿಯಾಗಿ ಹಾಲು ಕೊಡಲಿಲ್ಲ, ಹುಲಿ ವಾಸನೆ ಇಲ್ಲಿಗೇ ಬಡಿದಿರಬೇಕು ಎಂದು ಶುರು ಮಾಡಿದಳು. ಅಪ್ಪ ಚೀಲ ಕೆಳಗಿಟ್ಟ. ಅಂಗಳದ ನಡುವೆ ನಿಂತು, ತಿರುಗಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ನೀರಿನ ಬಾನಿಯ ತನಕ ಹೋಗಿ ಕುಕ್ಕರಗಾಲಲ್ಲಿ ಕೂತ. ಅತ್ತಿ ಆತನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಖರೇನ ಏನಬೇ?”

“ಖರೇ ಅತ್ತಿ. ಹಿಂಗ ಇಳೀತು.”

ಫೋಟೋ ಕೇಳಬಹುದಿತ್ತು. ಕೇಳಲಿಲ್ಲ. ಓದಿದಾಕಿ ಹೇಳಿದ ಮೇಲೆ ಮುಗೀತು ಎನ್ನುವ ಹಾಗೆ ಗೋಣು ಹಾಕಿದಳು. ಆಕೆ ಹಾಗೆ ಗೋಣು ಹಾಕಿದ್ದು ನನಗೆ ವಿಶ್ವವಿದ್ಯಾಲಯ ಕೊಟ್ಟದ್ದಕ್ಕಿಂತ ಹೆಚ್ಚಿನದೇ ಇರಬೇಕು.

ಅಪ್ಪ ಒಳಗೆ ಹೋದ. ಉಡದಾರದ ಕೀಲಿ ಬಿಚ್ಚಿದ ಸದ್ದು, ಟ್ರಂಕಿನ ಮುಚ್ಚಳದ ಸದ್ದು. ಎರಡು ಕವರಿನ ಒಳಗಿದ್ದ ಸರ್ಟಿಫಿಕೇಟನ್ನು ಹೊರಗೆ ತಂದ. ನಾನು ಕೈ ಚಾಚಿದೆ. ಆತ ನನ್ನನ್ನು ದಾಟಿಕೊಂಡು ಹೋಗಿ ಅದನ್ನು ಅಕ್ಕನ ಮುಂದೆ ಹಿಡಿದು, ನೀನ ಕೊಡು ಎಂದ. ಅತ್ತಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿದಳು. ಸಾಲದೆಂದು ಇನ್ನೊಮ್ಮೆ ಒರೆಸಿದಳು. ಎರಡೂ ಕೈಯಲ್ಲಿ ತೆಗೆದುಕೊಂಡು, ಹೊಸ್ತಿಲ ಹೊರಗೆ ನಿಂತಿದ್ದ ನನ್ನ ಕೈಯಲ್ಲಿಟ್ಟಳು.

“ತಗೋ ಬೇ. ನಾ ಆಗೂದಿಲ್ಲ ಅಂದಿದ್ದು ಚಲೋ ಆತು. ಆಗತೈತಿ ಅಂದಿದ್ರ ನಿಮ್ಮಪ್ಪ ಮನ್ಯಾಗ ಕುಂತಬಿಡ್ತಿದ್ದ.”